ಬಳೆಯ ಸದ್ದಿಗೆ ಹಿಂದೆ ಸರಿದ ಕೈ

ನಿಮ್ಮ ಸಣ್ಣ ಅಜ್ಜ ಒಂದು ಸಂಜೆ ನನ್ನನ್ನು ಒಂದು ಮಾತು ಕೇಳಿದ. ನಾನು "ಇಲ್ಲ" ಅಂದೆ. ಅದು ಸುಳ್ಳು.

ಬರೆದು ನೋಡಿದರೆ ಎಷ್ಟು ಸಣ್ಣದಾಗಿ ಕಾಣುತ್ತದೆ. ಒಂದೇ ಮಾತು. ಆದರೆ ಆ ಮಾತಿನಿಂದಾಗಿ ಒಬ್ಬ ಮನುಷ್ಯ ತಾನು ಅಂಜುಬುರುಕ ಎಂದು ನಂಬಿಕೊಂಡು ಮುದುಕನಾದ. ಅವನು ಅಂಜುಬುರುಕನಲ್ಲ ಎಂಬುದು ಗೊತ್ತಿದ್ದವಳು ನಾನೊಬ್ಬಳೇ — ಮತ್ತು ನಾನು ಸುಮ್ಮನಿದ್ದೆ.

ಮಕ್ಕಳೇ, ನಿಮ್ಮ ಅಜ್ಜಿ ಮಾತಿನವಳಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕೆಂದರೆ ನನಗೆ ಈಗಲೂ ನಾಲಿಗೆ ಒಣಗುತ್ತದೆ. ಬೋನಾಳದ ಶಾಲೆಯಲ್ಲಿ ಏಳನೆಯವರೆಗೆ ಓದಿದ್ದೇನೆ, ಅಷ್ಟೇ. ಹೇಳಲು ಆಗದ್ದನ್ನು ಬರೆಯಬಹುದೇನೋ ಎಂದು ಕುಳಿತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಇದನ್ನು ಇಷ್ಟು ವರ್ಷ ಬರೆಯದವಳು ಈಗೇಕೆ ಬರೆಯುತ್ತಿದ್ದೇನೆಂದರೆ — ಸುಜಾತಾ, ನೀನು ಮೊನ್ನೆ ಆಡಿದ ಮಾತಿಗಾಗಿ. ಸಣ್ಣ ವಿಮಾನ ಹಾರಿಸುವುದು ಕಲಿತು ಬಂದಿದ್ದೀಯ. ಇನ್ನು ದೊಡ್ಡ ಜೆಟ್ ವಿಮಾನದ ತರಬೇತಿಗೆ ಹೋಗಬೇಕು. ಶಹಾಪುರದ ಮನೆಯಲ್ಲಿ ಗದ್ದಲವೆಂದು ಸಗರಕ್ಕೆ, ಈ ಹಳೆಯ ಮನೆಗೆ ಬಂದು ಪಡಸಾಲೆಯ ಗೋಡೆಗೆ ವಿಮಾನದ ಒಳಗಿನ ದೊಡ್ಡ ಬಣ್ಣದ ಚಿತ್ರ ಅಂಟಿಸಿದ್ದೀಯ. ಅದರ ಮುಂದೆ ಕುರ್ಚಿ ಹಾಕಿಕೊಂಡು, ಗಾಳಿಯಲ್ಲಿ ಕೈ ಆಡಿಸುತ್ತ, ಬಾಯಿಪಾಠ ಮಾಡುತ್ತೀಯ. ನಾನು ಚಹಾ ತಂದು ಕೊಟ್ಟಾಗ ನೀನು ಕೇಳಿದೆ:

"ಅಜ್ಜಿ, ಸಣ್ಣ ಅಜ್ಜಗ ಆದದ್ದೇ ನನಗೂ ಆದ್ರ ಏನ್ ಮಾಡ್ಲಿ? ಅವರೇ ಅಂದ್ರು — ನಮ್ಮ ಮನಿತನದಾಗ ಅಂಜಿಕಿ ಐತಿ, ಪರೀಕ್ಷಾದಾಗ ಹೊರಗ ಬರ್ತದ, ಹುಷಾರು ಅಂತ."

ನಾನು ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ.

ನೀನು ಚಿತ್ರ ಅಂಟಿಸಿದ ಗೋಡೆಯ ಮೇಲೆ, ಅದೇ ಜಾಗದಲ್ಲಿ, ಹಿಂದೆ ಇನ್ನೊಂದು ವಿಮಾನವಿತ್ತು. ನಿನ್ನ ಅಪ್ಪ ಆಗ ಪಾಟಿ ಹಿಡಿದು ಶಾಲೆಗೆ ಹೋಗುತ್ತಿದ್ದ.

ಆಗ ನಮ್ಮ ಕಡೆ ಕಾಲುವೆ ಬಂದ ಹೊಸತು. ಕರಿ ಮಣ್ಣನ್ನು ಸೀಳಿಕೊಂಡು, ಕಣ್ಣು ಹಾಯುವವರೆಗೂ ನೂಲು ಹಿಡಿದ ಹಾಗೆ ನೇರವಾಗಿ ಅಗೆದುಕೊಂಡು ಹೋಗಿದ್ದರು. ಜೋಳ ಬಿಟ್ಟರೆ ತೊಗರಿ ಎಂದು ಬೆಳೆಯುತ್ತಿದ್ದವರು ಭತ್ತದ ಮಾತಾಡತೊಡಗಿದ್ದರು. ನಮ್ಮ ಹೊಲದ ಒಂದು ತುಂಡು ಕಾಲುವೆಗೆ ಹೋಯಿತು. ಅದರ ಪರಿಹಾರವನ್ನು ನನ್ನ ಮಾವ ಬೇರೆ ಯಾವುದಕ್ಕೂ ಮುಟ್ಟಲಿಲ್ಲ. ಕಿರಿಯ ಮಗ ಭೀಮರಾಯನನ್ನು ವಿಮಾನದ ಶಾಲೆಗೆ ಕಳಿಸಿದರು. ಸರಕಾರದ ವಿದ್ಯಾರ್ಥಿವೇತನವೂ ಸಿಕ್ಕಿತ್ತು. ಊರವರು ಕಟ್ಟೆಗೆ ಬಂದು ನಗುತ್ತಿದ್ದರು.

"ನಿಮ್ಮ ಹೊಲದಾಗ ನೀರು ಹರೀತದ, ನಿಮ್ಮ ಮಗ ಮ್ಯಾಲ ಹಾರ್ತಾನ. ನೆಲದ ಮ್ಯಾಲ ನಿಲ್ಲಾವ್ರು ಯಾರೂ ಇಲ್ಲೇನ್ರಿ ನಿಮ್ಮ ಮನ್ಯಾಗ?"

ಭೀಮರಾಯನೇ ನಿಮ್ಮ ಸಣ್ಣ ಅಜ್ಜ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುವ ಹುಡುಗ. ಅತ್ತೆ ಬೇಗ ತೀರಿಕೊಂಡರು. ಅವನಿಗೆ ರೊಟ್ಟಿ ಬಡಿದು ಹಾಕಿದವಳು, ತಲೆಗೆ ಎಣ್ಣೆ ಹಚ್ಚಿದವಳು ನಾನೇ. ನನ್ನನ್ನು "ವೈನಿ" ಎನ್ನುತ್ತಿದ್ದ. ಈಗಲೂ ಹಾಗೇ ಅನ್ನುತ್ತಾನೆ.

ಸಣ್ಣ ವಿಮಾನ ಕಲಿತು, ಜೆಟ್ ವಿಮಾನದ ತರಬೇತಿಗೆ ಆಯ್ಕೆಯಾಗಿ, ಹೋಗುವ ಮೊದಲು ಕೆಲವು ತಿಂಗಳು ಮನೆಗೆ ಬಂದಿದ್ದ. ಬಂದವನು ಡ್ರಾಯಿಂಗ್ ಹಾಳೆಗಳನ್ನು ಜೋಳದ ಗಂಜಿಯಲ್ಲಿ ಒಂದಕ್ಕೊಂದು ಅಂಟಿಸಿ, ಅಳತೆಪಟ್ಟಿ ಹಿಡಿದು, ಮುಳ್ಳು, ಗಡಿಯಾರ, ಗುಂಡಿ ಎಲ್ಲ ಬರೆದು ಗೋಡೆಗೆ ಹಚ್ಚಿದ. ಅದರ ಮುಂದೆ ಎರಡು ಕುರ್ಚಿ. ನಡುವೆ ಬೋರಲು ಹಾಕಿದ ಕಟ್ಟಿಗೆಯ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಸೀಳು ಕೊರೆದು ಹಿಡಿಕೆಗಳನ್ನು ಸಿಗಿಸಿದ — ಒಂದು, ಮುರಿದ ಕಡಗೋಲಿನ ತುಂಡು. ಅದನ್ನು ಮೇಲೆತ್ತಿದರೆ ವಿಮಾನದ ಗಾಲಿ ಒಳಗೆ ಹೋಗುತ್ತದೆ ಎಂದು ಲೆಕ್ಕ.

"ಇದಕ್ಕ ಇಬ್ಬರು ಬೇಕು," ಅಂದ. "ಸಣ್ಣ ವಿಮಾನದಾಗ ನಾ ಒಬ್ಬನೇ ಎಲ್ಲಾ ಮಾಡ್ತಿದ್ದೆ. ಜೆಟ್‌ನಾಗ ಹಂಗಲ್ಲ. ಹಾರಸಾಂವ ಹಾರಸಬೇಕು, ಬಾಜೂದಾಂವ ನೋಡಿ ಹೇಳಬೇಕು. ಅಣ್ಣಾ, ನೀ ಕುಂದರ್ತಿ ಏನ್?"

ನಿಮ್ಮ ಅಜ್ಜ ಎತ್ತಿಗೆ ನೀರು ಕುಡಿಸಿ ಬಂದಿದ್ದರು. ಗೋಡೆಯನ್ನು ನೋಡಿದರು. "ನನಗ ಎತ್ತಿನ ಗಾಡಿನೇ ಒಮ್ಮೊಮ್ಮೆ ಗಟಾರಕ್ಕ ಹೋಗ್ತದ. ಮಂದೀನ ಕೊಲ್ಲಸ್ತಿ ಏನ್ ನನ್ನ ಕಡಿಂದ? ನಿಮ್ಮ ವೈನಿಗಿ ಕೇಳು. ಆಕಿ ಓದ್ಯಾಳ."

ಹೀಗೆ ನಾನು ವಿಮಾನದಲ್ಲಿ ಕೂತೆ.

ಆ ಮಧ್ಯಾಹ್ನಗಳನ್ನು ಹೇಗೆ ಬರೆಯಲಿ... ಊಟ ಮುಗಿದು ಪಾತ್ರೆ ತೊಳೆದ ಮೇಲೆ, ಬಾಗಿಲು ಪೂರ್ತಿ ತೆರೆದಿಟ್ಟು ಕೂರುತ್ತಿದ್ದೆವು. ಮೈದುನನ ಪಕ್ಕ ಕುರ್ಚಿಯಲ್ಲಿ ಕೂರುವುದೆಂದರೆ ಬಾಗಿಲು ಹಾಕುವ ಹಾಗಿರಲಿಲ್ಲ. ಮಾವ ಹೊರಗೆ ಕಟ್ಟೆಯ ಮೇಲೆ. ಭೀಮರಾಯ ಇಂಗ್ಲಿಷ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಿದ್ದ. ಹಾರುವ ದಾರಿಯನ್ನು ಅವನೇ ಹೇಳುತ್ತಿದ್ದ — ಈಗ ಕೃಷ್ಣಾ ಹೊಳಿ ದಾಟಿದ್ವಿ, ಎಡಕ್ಕ ಸುರಪುರದ ಕೋಟಿ ನೋಡ್ರಿ, ಅಕಾ ಅಲ್ಲಿ ಶಹಾಪುರದ ಮಲಗಿದ ಬುದ್ಧನ ಗುಡ್ಡ, ಕೆಳಗ ನಿಮ್ಮ ಬೋನಾಳ ಕೆರಿ. ಇಳಿಯುವ ಪಟ್ಟಿ ಯಾವುದೆಂದರೆ ನಮ್ಮ ಕಾಲುವೆಯ ದಂಡೆ. ಅಷ್ಟು ನೇರವಾದದ್ದು ಈ ಸೀಮೆಯಲ್ಲಿ ಬೇರೆ ಏನಿತ್ತು?

"ವೈನಿ, ನೀವು ಬೋನಾಳದವ್ರು. ಸಣ್ಣಾಕಿದ್ದಾಗಿಂದ ಹಕ್ಕಿ ಕೆರಿಗಿ ಇಳಿಯೂದು ನೋಡೀರಿ. ನನ್ನ ಇಳಿಸೂದು ಹೆಂಗದ?"

"ಬಾತುಕೋಳಿ ಮೊದಲ ಕಾಲು ಚಾಚ್ತದ, ಆಮ್ಯಾಲ ರೆಕ್ಕಿ ಅಗಲ ಮಾಡ್ತದ. ನೀ ಕಲ್ಲು ಬಿದ್ದಂಗ ಬೀಳ್ತಿ," ಅನ್ನುತ್ತಿದ್ದೆ, ಮಾವನಿಗೆ ಕೇಳದ ಹಾಗೆ. ಅವನು ಬಿದ್ದು ಬಿದ್ದು ನಗುತ್ತಿದ್ದ.

ಅಲ್ಲಿಯವರೆಗೆ ನನ್ನನ್ನು ಯಾರೂ ಏನನ್ನೂ ಕೇಳಿದವರಿರಲಿಲ್ಲ. ಸಾರಿಗೆ ಉಪ್ಪು ಯಾಕೆ ಕಡಿಮೆಯಾಯಿತು ಎಂಬುದನ್ನು ಬಿಟ್ಟು. ಆ ಕುರ್ಚಿಯಲ್ಲಿ ಮಾತ್ರ ಒಬ್ಬ ಓದಿದ ಮನುಷ್ಯ ನನ್ನ ಮಾತಿಗಾಗಿ ಕಾಯುತ್ತಿದ್ದ. ನಾನು "ಏರಾಕತ್ತದ" ಎಂದು ಹೇಳಿದರೆ ಮಾತ್ರ ಅವನ ವಿಮಾನ ಏರುತ್ತಿತ್ತು.

ಈಗ ಅವನಿಗೆ ಕಷ್ಟವಾಗಿದ್ದ ಒಂದು ಸಂಗತಿಯನ್ನು ಹೇಳಬೇಕು. ನಿಮಗೆ ಅದು ತಿಳಿಯದಿದ್ದರೆ ನನ್ನ ತಪ್ಪೂ ತಿಳಿಯುವುದಿಲ್ಲ.

ಇಳಿಯಲು ಬಂದ ವಿಮಾನವನ್ನು ಒಮ್ಮೊಮ್ಮೆ ಇಳಿಸದೆ ಮತ್ತೆ ಮೇಲಕ್ಕೆ ಒಯ್ಯಬೇಕಾಗುತ್ತದಂತೆ — ಪಟ್ಟಿಯ ಮೇಲೆ ಏನಾದರೂ ಅಡ್ಡ ಬಂದಿದ್ದರೆ. ಆಗ ಎಲ್ಲವೂ ಅವಸರ. ಹಾರಿಸುವವನು ಮೂಗನ್ನು ಮೇಲೆತ್ತುತ್ತಾನೆ. ಪಕ್ಕದವನು ಮುಳ್ಳು ನೋಡಿ, ವಿಮಾನ ನಿಜವಾಗಿ ಏರುತ್ತಿದೆ ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಹಾರಿಸುವವನು ಗಾಲಿ ಎತ್ತಲು ಹೇಳಬೇಕು. ಪಕ್ಕದವನೇ ಎತ್ತಬೇಕು. ಏರುವ ಮೊದಲೇ ಗಾಲಿ ಒಳಗೆ ಹೋಗಿ, ವಿಮಾನ ನೆಲಕ್ಕೆ ಕುಸಿದರೆ, ಗಾಲಿಯಿಲ್ಲದ ಹೊಟ್ಟೆಯ ಮೇಲೆ ಬೀಳುತ್ತದೆ. ಅದಕ್ಕೇ ಹಾರಿಸುವವನ ಕೈ ಆ ಹಿಡಿಕೆಗೆ ಹೋಗಬಾರದು.

ಭೀಮರಾಯನ ಕೈ ಹೋಗುತ್ತಿತ್ತು. ಸಣ್ಣ ವಿಮಾನದಲ್ಲಿ ಎಲ್ಲ ತಾನೇ ಮಾಡಿ ರೂಢಿಯಾದ ಕೈ. ಅವಸರ ಬಂದ ಕೂಡಲೇ ಪೆಟ್ಟಿಗೆ ದಾಟಿ, ನನ್ನ ಕಡೆಯ ಕಡಗೋಲಿನ ತುಂಡಿನ ಮೇಲೆ ಬಂದು ಕೂರುತ್ತಿತ್ತು. ಅದು ಹೋದದ್ದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ — ಕೆಮ್ಮು ಬಂದಾಗ ಬಾಯಿಗೆ ಕೈ ಅಡ್ಡ ಹೋಗುತ್ತದಲ್ಲ, ಹಾಗೆ.

"ನನ್ನ ಕೈ ಬಂತಂದ್ರ ಜೋರಾಗಿ ಹೇಳ್ರಿ. ಬೈರಿ ಬೇಕಾದ್ರ," ಎಂದಿದ್ದ.

ಮೊದಲ ಸಲ ಹೇಳಿದೆ. "ಕೈ ತಗಿ" ಅಂದೆ, ಸ್ವಲ್ಪ ಗಟ್ಟಿಯಾಗಿ. ಕಟ್ಟೆಯಿಂದ ಮಾವ ಕೆಮ್ಮಿದರು. ಆಮೇಲೆ ಮಾವ, ನನಗಲ್ಲ, ಮಗನಿಗೆ ಅಂದರು:

"ಭೀಮು, ಸೊಸಿ ದನಿ ಓಣಿಗಿ ಕೇಳಾಕತ್ತದ."

ಅಷ್ಟೇ ಅಂದದ್ದು. ಕೆಟ್ಟ ಮನುಷ್ಯರಲ್ಲ ಅವರು. ಆದರೆ ಅವರ ಮುಂದೆ ನಾನು ಅಲ್ಲಿಯವರೆಗೆ ಒಂದು ಪೂರ್ತಿ ಮಾತು ಆಡಿದವಳಲ್ಲ. ಊಟಕ್ಕೆ ಕರೆಯಬೇಕಾದರೆ ಬಾಗಿಲ ಮರೆಯಲ್ಲಿ ನಿಂತು ಬಳೆ ಸದ್ದು ಮಾಡುತ್ತಿದ್ದೆ. ಮಾವ ಎದ್ದು ಬರುತ್ತಿದ್ದರು. ನೀರು ಬೇಕೇ ಎಂದು ಕೇಳುವುದೂ ಬಳೆಯಿಂದಲೇ. ನಮ್ಮ ಕಾಲದ ಸೊಸೆಯರಿಗೆ ಅದೊಂದು ಭಾಷೆಯೇ ಆಗಿತ್ತು.

ಮರುದಿನದಿಂದ ವಿಮಾನದಲ್ಲೂ ಅದನ್ನೇ ಮಾಡಿದೆ. ಮುಳ್ಳು ಏರಿತೆಂದು ಲೆಕ್ಕ ಹಿಡಿದು ಬಳೆಯನ್ನು ಒಮ್ಮೆ ಮೆಲ್ಲಗೆ ಆಡಿಸುವುದು. ಅವನ ಕೈ ನನ್ನ ಕಡೆ ಬಂದರೆ ಪೆಟ್ಟಿಗೆಗೆ ಬಳೆ ಬಡಿಯುವುದು. ಬಳೆ ಬಡಿದ ಕೂಡಲೇ ಕೈ ಹಿಂದೆ ಸರಿಯುತ್ತಿತ್ತು.

ಅವನು ಮೊದಲ ದಿನವೇ ನಕ್ಕು ಹೇಳಿದ್ದ. "ವೈನಿ, ಅಲ್ಲಿ ನನ್ನ ಬಾಜೂಕ ಕುಂದರಾಂವ ಬಳಿ ಇಟ್ಕೊಂಡಿರೂದಿಲ್ಲರಿ. ಬಾಯಿಲೆ ಹೇಳ್ರಿ."

"ನಾಳಿಗಿ ಹೇಳ್ತೀನಿ," ಅನ್ನುತ್ತಿದ್ದೆ. ನಾಳೆ ಮಾವ ಹೊಲಕ್ಕೆ ಹೋಗಲಿ, ಹೇಳುತ್ತೇನೆ. ನಾಳೆ ಓಣಿಯಲ್ಲಿ ಯಾರೂ ಇಲ್ಲದಿದ್ದರೆ... ಆ ನಾಳೆ ಬರಲಿಲ್ಲ. ಬಳೆಯಿಂದ ಕೆಲಸ ನಡೆಯುತ್ತಿತ್ತಲ್ಲ. ಬಳೆ ಮಾರಲು ಬರುತ್ತಿದ್ದ ಖಾಸಿಂಬಿ ನನ್ನ ಕೈ ನೋಡಿ ಅಚ್ಚರಿಪಟ್ಟಳು.

"ಹೋದ ವಾರ ತುಂಬಾ ಹಾಕಿ ಹೋಗಿದ್ದೆ. ಎಲ್ಲಿ ಹೋದ್ವು? ರೊಟ್ಟಿ ಸಂಗಾಟ ಬಳೀನೂ ತಿಂತೀ ಏನವಾ?"

"ವಿಮಾನದಾಗ ಒಡದ್ವು," ಅಂದೆ. ಅವಳು ನಂಬಲಿಲ್ಲ. ಜಾಣೆ, ನಕ್ಕು ಇನ್ನಷ್ಟು ತೊಡಿಸಿ ಹೋದಳು.

ದಿನ ಕಳೆದ ಹಾಗೆ ಅವನ ಬಾಯಿಪಾಠ ಎಷ್ಟು ಚೆನ್ನಾಯಿತೆಂದರೆ, ಹಾಳೆ ನೋಡದೆ ಎಲ್ಲ ಹೇಳುತ್ತಿದ್ದ. ಆದರೆ ಕೈ ಮಾತ್ರ ಬರುತ್ತಲೇ ಇತ್ತು. ಬಳೆ ಬಡಿದರೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಬರಬರುತ್ತ ಅವನಿಗೆ ಬಳೆಯ ಸದ್ದು ಕೇಳಿದ್ದೂ ಗೊತ್ತಾಗುತ್ತಿರಲಿಲ್ಲ. ಕೈಯೇ ಕೇಳಿಸಿಕೊಂಡು ತಾನಾಗಿ ಹಿಂದೆ ಹೋಗುತ್ತಿತ್ತು. ಅವನ ಕಣ್ಣು ಗೋಡೆಯ ಮೇಲೆ. ಅದನ್ನು ನಾನು ನೋಡಿದೆ. ನೋಡುವುದೇ ಅಲ್ಲವೇ ಆ ಕುರ್ಚಿಯ ಕೆಲಸ.

ಇಷ್ಟರಲ್ಲಿ ಕೊಂಕಲ್‌ನಿಂದ ನಿಂಗಮ್ಮ ಬಂದಳು. ನಿಮ್ಮ ಅಜ್ಜನ ತಂಗಿ, ನನಗೆ ನಾದಿನಿ. ಒಂದು ಮಧ್ಯಾಹ್ನ ಪಡಸಾಲೆಯ ಕಂಬಕ್ಕೆ ಒರಗಿ ನಮ್ಮಿಬ್ಬರನ್ನು ನೋಡಿದಳು. ಮರುದಿನ ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ಓಣಿಯ ಹೆಂಗಸರೆಲ್ಲ ಇದ್ದಾಗ, ಸೀರೆ ಹಿಂಡುತ್ತ ಅಂದಳು:

"ನಮ್ಮ ವೈನಿ ಗಂಡನ ಬಾಜೂಕ ಒಂದಿನಾ ಕುರ್ಚಿ ಮ್ಯಾಲ ಕುಂತಾಕಿ ಅಲ್ಲ. ಮೈದುನನ ಬಾಜೂಕ ಕುಂತು ಮುಗಲಿಗಿ ಹೋಗಿ ಬರ್ತಾಳ."

ಹೆಂಗಸರು ನಕ್ಕರು. ಒಬ್ಬಳು, "ಇಳಿಯಾಕ ಮನಸ್ಸಾಗ್ತದೋ ಇಲ್ಲೋ, ನೀಲಮ್ಮ?" ಅಂದಳು. ಇನ್ನೊಬ್ಬಳು, "ಸುಮ್ಮಿರ್ರೆ, ಪಾಪ," ಅಂದಳು. ಆ "ಪಾಪ"ವೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ನಿಂಗಮ್ಮ ಕೆಡುಕು ಬಯಸಿ ಹೇಳಿದಳೆಂದು ಈಗ ನನಗೆ ಅನ್ನಿಸುವುದಿಲ್ಲ. ಕಾಲುವೆಯ ಮೇಲೆ ಬಟ್ಟೆಯ ಜೊತೆ ಎಲ್ಲರ ಮನೆಯ ಮಾತನ್ನೂ ಒಗೆಯುತ್ತಿದ್ದರು. ಅವತ್ತು ನಮ್ಮ ಮನೆಯದಾಯಿತು. ಆದರೆ ನನಗೆ — ಖರೆ ಹೇಳುತ್ತೇನೆ ಮಕ್ಕಳೇ — ಅವರು ನಕ್ಕದ್ದರಲ್ಲಿ ಸುಳ್ಳಿತ್ತು ಎಂಬುದಕ್ಕಿಂತ, ಅದರಲ್ಲೊಂದು ಎಳೆ ಸತ್ಯವೂ ಇತ್ತು ಎಂಬುದಕ್ಕೆ ನಾಚಿಕೆಯಾಯಿತು. ಅವರು ಅಂದುಕೊಂಡ ಸತ್ಯವಲ್ಲ. ಅವನು ನನಗೆ ಮಗನ ಹಾಗಿದ್ದ. ಆದರೆ ಆ ಕುರ್ಚಿಯಲ್ಲಿ ನಾನು ಸುಖವಾಗಿದ್ದೆ. ಅದು ನನ್ನ ಮುಖದಲ್ಲಿ ಕಂಡುಬಿಟ್ಟಿತೇ ಎಂದು, ತೊಯ್ದ ಬಟ್ಟೆಯ ಬುಟ್ಟಿ ತಲೆಯ ಮೇಲಿಟ್ಟುಕೊಂಡು, ದಂಡೆಯುದ್ದಕ್ಕೂ ತಲೆ ಎತ್ತದೆ ಮನೆಗೆ ಬಂದೆ. ನಮ್ಮ ವಿಮಾನ ಇಳಿಯುತ್ತಿದ್ದ ದಂಡೆಯದು.

ಅವತ್ತಿನಿಂದ ಆ ಗೋಡೆ ಯಾವಾಗ ಖಾಲಿಯಾದೀತು ಎನ್ನುವುದೊಂದೇ ನನಗೆ.

ಅವನು ಹೋಗುವ ದಿನ ಹತ್ತಿರ ಬಂತು. ಒಂದು ಸಂಜೆ, ದೀಪ ಹಚ್ಚುವ ಮೊದಲು, ಅವನು ಅಂದ:

"ವೈನಿ, ಇವತ್ತ ಬಳಿ ಸಪ್ಪಳ ಬ್ಯಾಡ. ಬಾಯಿನೂ ಬ್ಯಾಡ. ನೀವು ಬರೇ ನೋಡ್ರಿ. ನನ್ನ ಕೈ ಬರ್ತದೋ ಇಲ್ಲೋ, ಕಡೀಕ ಹೇಳ್ರಿ. ಬರ್ತದಂದ್ರ ನಾ ಮುಂದಿನ ತಂಡದಾಗ ಹೋಗ್ತೀನಿ. ಒಮ್ಮೆ ಮುಂದಕ್ಕ ಹಾಕ್ಬಹುದು ಅಂದಾರ. ಜೋಳದ ರಾಶಿ ಆಗೂತನಕ ಇಲ್ಲೇ ಕುಂತು ತಿದ್ಕೋತೀನಿ."

ನಾನು ಸೆರಗಿನ ತುದಿಯಿಂದ ಎರಡೂ ಕೈಯ ಬಳೆಗಳನ್ನು ಸುತ್ತಿ ಕಟ್ಟಿಕೊಂಡು ಕೂತೆ.

ಅವನು ಹಾರಿದ. ಹೊಳೆ ದಾಟಿದ, ಗುಡ್ಡ ದಾಟಿದ. ಇಳಿಯಲು ಬಂದ. "ಪಟ್ಟಿ ಮ್ಯಾಲ ಎಮ್ಮಿ ನಿಂತಾವ" ಎಂದು ತಾನೇ ಹೇಳಿಕೊಂಡು ಮೂಗು ಎತ್ತಿದ. ಅವನ ಕಣ್ಣು ಗೋಡೆಯ ಮುಳ್ಳಿನ ಮೇಲೆ. ಅವನ ಕೈ ಮೆಲ್ಲಗೆ, ಮನೆಯ ಬೆಕ್ಕು ಒಲೆಯ ಕಡೆ ಹೋಗುವ ಹಾಗೆ, ಪೆಟ್ಟಿಗೆ ದಾಟಿ ಬಂತು. ಕಡಗೋಲಿನ ತುಂಡನ್ನು ಹಿಡಿಯಿತು. ಎತ್ತಿತು. ಕೈ ಬಿಟ್ಟೊಡನೆ ತುಂಡು ತಾನೇ ಸೀಳಿನಲ್ಲಿ ಕೆಳಗೆ ಜಾರಿತು.

ಮತ್ತೊಮ್ಮೆ ಹಾರಿದ. ಮತ್ತೆ ಬಂತು. ಪ್ರತಿ ಸಲವೂ ಬಂತು. ಸೆರಗಿನೊಳಗೆ ನನ್ನ ಬಳೆಗಳು ಬಿಗಿಯಾಗಿ, ಸುಮ್ಮನೆ ಇದ್ದವು.

ಮುಗಿಸಿ ನನ್ನ ಕಡೆ ತಿರುಗಿದ. ಹಣೆಯಲ್ಲಿ ಬೆವರಿತ್ತು. ಪರೀಕ್ಷೆ ಬರೆದು ಬಂದ ಹುಡುಗನ ಮುಖ.

"ಖರೇ ಹೇಳ್ರಿ ವೈನಿ. ಕೈ ಬಂತೇನ್ರಿ?"

ಹೊರಗೆ ಕಟ್ಟೆಯ ಮೇಲೆ ಮಾವನ ಜೊತೆ ನಿಂಗಮ್ಮ ಕೂತಿದ್ದಳು. ಜೋಳದ ರಾಶಿಯವರೆಗೆ... ಇನ್ನೊಂದು ಚಳಿಗಾಲವೆಲ್ಲ ಈ ಕುರ್ಚಿ, ಈ ತೆರೆದ ಬಾಗಿಲು, ಕಾಲುವೆಯ ಮೇಲಿನ ನಗು —

"ಇಲ್ಲ," ಅಂದೆ. "ಬರಲಿಲ್ಲ."

ಅವನ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಗ್ಗಿ ನನ್ನ ಕಾಲು ಮುಟ್ಟಿದ. "ನೀವು ಹೇಳಿದ್ರಂದ್ರ ಆತು. ಬ್ಯಾರೆ ಯಾರಿಗೂ ಕೇಳೂದಿಲ್ಲ," ಅಂದ. ಯಾದಗಿರಿ ಸ್ಟೇಷನ್ನಿಗೆ ಅವನನ್ನು ಬಿಡಲು ನಿಮ್ಮ ಅಜ್ಜ ಹೋದರು. ನಾನು ಗೋಡೆಯ ಹಾಳೆಗಳನ್ನು ಬಿಚ್ಚಿ ಸುತ್ತಿಟ್ಟೆ. ಗಂಜಿಯ ಕಲೆ ಉಳಿದಿತ್ತು. ಸುಣ್ಣ ಹೊಡೆದೆ.

ತರಬೇತಿಯಲ್ಲಿ ನೆಲದ ಮೇಲೆಯೇ ನಿಂತು, ಹಾರಿದ ಹಾಗೆ ಅಲುಗುವ ಯಂತ್ರವೊಂದು ಇರುತ್ತದಂತೆ. ಒಳಗೆ ಎಲ್ಲವೂ ನಿಜದ ವಿಮಾನದ ಹಾಗೆ. ಮೊದಲ ದಿನಗಳೆಲ್ಲ ಚೆನ್ನಾಗಿ ಹೋದವು. ಆಮೇಲೆ ಇಳಿಯುವಾಗ ಪಟ್ಟಿ ಖಾಲಿ ಇಲ್ಲವೆಂದು ಪರೀಕ್ಷಕರು ಹೇಳಿದರು. ಅವನ ಕೈ ದಾಟಿ ಹೋಯಿತು. ಪಕ್ಕದವನು ಇನ್ನೂ ಏನೂ ಹೇಳಿರಲಿಲ್ಲ. ಇವನು ಗಾಲಿ ಎತ್ತಿಬಿಟ್ಟ. ಮರುದಿನ ಮತ್ತೆ ಅವಕಾಶ ಕೊಟ್ಟರು. ಪಕ್ಕದವನು ಬಾಯಿಬಿಟ್ಟು ಕೂಗಿದರೂ ಕೈ ಹಿಂದೆ ಬರಲಿಲ್ಲವಂತೆ. ಬಾಯಿಯ ಮಾತಿಗೆ ಹಿಂದೆ ಬರುವುದನ್ನು ಆ ಕೈಗೆ ಯಾರು ಕಲಿಸಿದ್ದರು?

ಒಬ್ಬನೇ ಹಾರುವವನಾಗಿ ಒಳ್ಳೆಯವನು, ಇಬ್ಬರ ವಿಮಾನಕ್ಕೆ ಸಲ್ಲುವವನಲ್ಲ ಎಂದು ಕಳಿಸಿದರು.

ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ. ನಾನು ರೊಟ್ಟಿ ಹಾಕುತ್ತಿದ್ದೆ. ತಲೆ ಬಗ್ಗಿಸಿಕೊಂಡೇ ಅಂದ:

"ಕೈ ಹೋತ್ರಿ ವೈನಿ. ಕಡೀ ದಿನ ಮನ್ಯಾಗ ಹೋಗಿದ್ದಿಲ್ಲ. ಅಲ್ಲಿ ಯಾಕ ಹೋತು?"

ಮಾವ ಕಟ್ಟೆಯಿಂದ ಅಂದರು: "ಅಂಜೀದಿ. ಮಂದೀನ ನೋಡಿ ಅಂಜೀದಿ, ಮತ್ತೇನದ."

"ಹೌದು. ಅದ ಇರಬೇಕು," ಅಂದ ಭೀಮರಾಯ.

ಆಗ ಹೇಳಬೇಕಿತ್ತು. ಮನೆಯಲ್ಲಿಯೂ ಹೋಗಿತ್ತು, ಪ್ರತಿ ಸಲ ಹೋಗಿತ್ತು, ಅದು ಅಂಜಿಕೆಯಲ್ಲ, ಬರೀ ರೂಢಿ, ರೂಢಿಯನ್ನು ತಿದ್ದಬಹುದು — ಇಷ್ಟು ಹೇಳಿದ್ದರೆ ಸಾಕಿತ್ತು. ಅವನಿಗೆ ಉತ್ತರ ಸಿಗುತ್ತಿತ್ತು. ನನ್ನ ಕೈಯಲ್ಲಿ ಬಿಸಿ ರೊಟ್ಟಿ ಇತ್ತು. ಬಾಯಿಗೆ ಬಂದ ಮಾತು ರೊಟ್ಟಿಯ ಜೊತೆ ಅವನ ತಾಟಿಗೆ ಬೀಳಲಿಲ್ಲ.

ಮೊದಲ ಸುಳ್ಳು ನಾಚಿಕೆಯಿಂದ ಬಂದದ್ದು. ಎರಡನೆಯದು, ಈ ಮೌನ, ಅದಕ್ಕಿಂತ ಕೆಟ್ಟದ್ದು. ಯಾಕೆಂದರೆ ಅವನು ಮತ್ತೆ ಹೋಗಬಹುದಿತ್ತು. ಒಂದು ವರ್ಷದ ಮೇಲೆ ಇನ್ನೊಮ್ಮೆ ಅರ್ಜಿ ಹಾಕಬಹುದೆಂದು ಅವನ ಗೆಳೆಯನೊಬ್ಬ ಮನೆಗೇ ಬಂದು ಹೇಳಿದ. ನಾನು ಒಳಗಿನಿಂದ ಕೇಳಿಸಿಕೊಂಡೆ. ಭೀಮರಾಯ ಅಂದದ್ದು ಇಷ್ಟು:

"ಅಂಜುವಂವನ ಹಿಂದ ಅಷ್ಟು ಮಂದಿ ಕುಂದರಬಾರ್ದಪಾ."

ಅವನು ಹಾರಾಟದ ಶಾಲೆಯೊಂದರಲ್ಲಿ ಸಣ್ಣ ವಿಮಾನ ಕಲಿಸುವ ಕೆಲಸಕ್ಕೆ ಸೇರಿದ. ಅಲ್ಲಿಯೇ ತಲೆ ಹಣ್ಣಾಯಿತು. ಅವನ ಕೈಯಲ್ಲಿ ಕಲಿತವರು ಜೆಟ್ ವಿಮಾನಗಳಿಗೆ ಹೋದರು. ಊರಿಗೆ ಬಂದಾಗ ಅವರ ಹೆಸರು ಹೇಳಿ ಹಿಗ್ಗುತ್ತಿದ್ದ. ಮೇಲೆ ವಿಮಾನದ ಸದ್ದಾದರೆ ಮಾತ್ರ ತಲೆ ಎತ್ತಿ ನೋಡುತ್ತಿರಲಿಲ್ಲ. ನೀವೆಲ್ಲ ಅಂಗಳಕ್ಕೆ ಓಡುತ್ತಿದ್ದಿರಿ; ಅವನು ಎಲೆಗೆ ಸುಣ್ಣ ಹಚ್ಚುತ್ತ ಕೂತಿರುತ್ತಿದ್ದ. ಸಣ್ಣ ಅಜ್ಜನಿಗೆ ವಿಮಾನ ಸಾಕಾಗಿದೆ ಎಂದು ನೀವು ಅಂದುಕೊಂಡಿರಿ.

ನಿಮ್ಮ ಅಜ್ಜ ತೀರಿಕೊಂಡಾಗ, ಎಲ್ಲ ಮುಗಿದ ಮೇಲೆ, ಅವನು ಪಡಸಾಲೆಯಲ್ಲಿ ನನ್ನ ಎದುರು ಕೂತಿದ್ದ. ನನ್ನ ಬರಿಗೈ ನೋಡಿದ. ನೋಡಿ, ಕಣ್ಣು ಒರೆಸಿಕೊಂಡು, ಯಾಕೋ ಸ್ವಲ್ಪ ನಕ್ಕ.

"ನಿಮ್ಮ ಬಳಿ ಸಪ್ಪಳ ಇಲ್ದ ಮನಿ ಖಾಲಿ ಅನಸ್ತದ ವೈನಿ. ಆ ಸಪ್ಪಳ ಕೇಳಿದ್ರ ನನ್ನ ಕೈ ತಾನ ಹಿಂದ ಬರ್ತಿತ್ತು, ನೆನಪದನು?"

ಅವನೇ ಹೇಳಿಬಿಟ್ಟ. ಬಾಗಿಲ ತನಕ ಬಂದ, ಒಳಗೆ ಕಾಲಿಡಲಿಲ್ಲ. ಇನ್ನೊಂದು ಹೆಜ್ಜೆ ಯೋಚಿಸಿದ್ದರೆ ಎಲ್ಲವೂ ಅವನಿಗೆ ತಿಳಿಯುತ್ತಿತ್ತು. ನಾನು ಒಂದು ಮಾತು ಆಡಿದ್ದರೂ ತಿಳಿಯುತ್ತಿತ್ತು. ಅವತ್ತು ನನ್ನ ದುಃಖವೇ ನನಗೆ ನೆಪವಾಯಿತು... ಇಲ್ಲ, ನೆಪ ಹೇಳುವುದಿಲ್ಲ ಎಂದು ಕೂತವಳು ನಾನು. ಆಡಲಿಲ್ಲ. ಅಷ್ಟೇ.

ಈಗ ಆ ಸುಳ್ಳು ನಿನ್ನವರೆಗೆ ಬಂದಿದೆ, ಸುಜಾತಾ. ನಮ್ಮ ಮನೆತನದಲ್ಲಿ ಅಂಜಿಕೆ ಇದೆ ಎಂದು ನಿನ್ನ ಸಣ್ಣ ಅಜ್ಜ ನಿನಗೆ ಪ್ರೀತಿಯಿಂದ ಎಚ್ಚರಿಕೆ ಹೇಳಿದ್ದಾನೆ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಅಂಜಿಕೆ ಇತ್ತು, ಖರೆ. ಆದರೆ ಹಾರಿಸುವವನ ಕುರ್ಚಿಯಲ್ಲಿ ಅಲ್ಲ. ಪಕ್ಕದ ಕುರ್ಚಿಯಲ್ಲಿತ್ತು.

ನಾನು ಏನು ಮಾಡಬೇಕೆಂದು ನಿರ್ಧರಿಸಿದ್ದೇನೆ. ಕೆಲಸ ಬಿಟ್ಟ ಮೇಲೆ ಯಾದಗಿರಿಯಲ್ಲಿ ನೆಲೆಸಿರುವ ಭೀಮರಾಯ ನಾಳೆ ಬರುತ್ತಾನೆ, ನೀನು ಹೇಗೆ ಕಲಿಯುತ್ತಿದ್ದೀಯೆಂದು ನೋಡಲು. ಇದನ್ನು ಮೊದಲು ಅವನಿಗೆ ಓದಿ ಹೇಳುತ್ತೇನೆ. ಕೈಗೆ ಕೊಟ್ಟು ಒಳಗೆ ಹೋಗುವುದಿಲ್ಲ. ಎದುರು ಕೂತು, ಅವನ ಮುಖ ನೋಡಿ, ಬಾಯಿಬಿಟ್ಟು ಓದುತ್ತೇನೆ. ಅವನು ಸಿಟ್ಟಾಗಬಹುದು. ಎದ್ದು ಹೋಗಬಹುದು. ಸುಮ್ಮನೆ ಎಲೆಗೆ ಸುಣ್ಣ ಹಚ್ಚುತ್ತ ಕೂರಲೂಬಹುದು — ಅದೇ ಎಲ್ಲಕ್ಕಿಂತ ಕಷ್ಟ. ಕ್ಷಮಿಸು ಎಂದು ಕೇಳುವುದಿಲ್ಲ. ಅವನಿಂದ ಕಳೆದುಹೋದ ಆಕಾಶವನ್ನು ಯಾವ ಮಾತಿನಿಂದ ತುಂಬಿಕೊಡಲಿ? ಅವನು ಅಂಜಿರಲಿಲ್ಲ ಎಂಬುದು ಅವನಿಗೆ ತಿಳಿದರೆ ಸಾಕು. ತಡವಾಗಿಯಾದರೂ ತಿಳಿಯಲಿ.

ಆಮೇಲೆ ನೀವೆಲ್ಲ ಓದಿ.

ಸುಜಾತಾ, ಬಂದ ದಿನವೇ ನೀನು ಪಕ್ಕದ ಕುರ್ಚಿ ತಟ್ಟಿ, "ಅಜ್ಜಿ, ಇಲ್ಲಿ ಕುಂದರು ಬಾ, ನನಗ ಒಬ್ಬರು ಬೇಕು" ಎಂದು ಕರೆದೆ. ಕಣ್ಣು ಕಾಣಿಸುವುದಿಲ್ಲ ಎಂದು ನಾನು ಅಂದೆ. ಅದೂ ಸುಳ್ಳು. ಕನ್ನಡಕ ಹಾಕಿಕೊಂಡರೆ ಇವತ್ತಿಗೂ ಅಕ್ಕಿಯಲ್ಲಿ ಕಲ್ಲು ಆರಿಸುತ್ತೇನೆ.

ನಾಡಿದ್ದು ಬೆಳಿಗ್ಗೆ ಆ ಕುರ್ಚಿಗೆ ಬರುತ್ತೇನೆ. ಬಾಗಿಲು ತೆರೆದೇ ಇರಲಿ. ಕಟ್ಟೆಯ ಮೇಲೆ ಯಾರಾದರೂ ಕೂತಿರಲಿ, ಓಣಿಯಲ್ಲಿ ಯಾರಾದರೂ ನಿಂತಿರಲಿ. ನನ್ನ ಕೈಯಲ್ಲಿ ಈಗ ಬಳೆಯಿಲ್ಲ. ನೀನೂ ಸಣ್ಣ ವಿಮಾನದಿಂದ ಬಂದವಳು. ನಿನ್ನ ಕೈಯೂ ಅವಸರದಲ್ಲಿ ಈ ಕಡೆ ಬರಬಹುದು. ನೋಡುತ್ತಿರುತ್ತೇನೆ. ಬಂದರೆ, ಓಣಿಯ ಕೊನೆಯವರೆಗೂ ಕೇಳುವ ಹಾಗೆ ಹೇಳುತ್ತೇನೆ —

ಬಂತು, ಕೈ ತಗಿ, ಎಂದು.